ತಲೆಬಿಸಿ

ಬೈಕಂಪಾಡಿಯ ಆ ಕೋಲ್ಡ್ ರೂಮಿನ ಬಾಗಿಲಿಗೆ
ಒಂದು ರಿಜಿಸ್ಟರು, ದಾರ ಕಟ್ಟಿದ ಪೆನ್ನು.
ಗಂಟೆಗೊಮ್ಮೆ ಉಷ್ಣತೆ ಬರೆಯಬೇಕು.
ನಾನು ಸೇರುವ ಮೊದಲು
ಇಡೀ ರಾತ್ರಿಯನ್ನು ಬೆಳಿಗ್ಗೆ ಚಾ ಕುಡಿಯುತ್ತಾ ಬರೆಯುತ್ತಿದ್ದರು:
ಮೈನಸ್ ಹದಿನೆಂಟು, ಮೈನಸ್ ಹದಿನೆಂಟು, ಮೈನಸ್ ಹದಿನೆಂಟು,
ಜಪದ ಹಾಗೆ, ಒಂದೇ ಉಸಿರು, ಒಂದೇ ಶಾಯಿ.

ಕಂಪ್ರೆಸರು ಕೆಟ್ಟ ರಾತ್ರಿ
ಮುಳ್ಳು ತೋರಿಸಿದ್ದನ್ನು ಬರೆದೆ.
ಎರಡು ಗಂಟೆಗೆ ಮೈನಸ್ ಒಂಬತ್ತು.
ಮೂರಕ್ಕೂ ಅದೇ.
ಕೆಳಗೆ, ಹರಿಣಾಕ್ಷಿ ಕೆ.
ಬೊಂಡಾಸು ಮೆತ್ತಗಾಗಿತ್ತು, ಬೆರಳಿಟ್ಟಲ್ಲಿ ಗುಳಿ.

ಮ್ಯಾನೇಜರು ಪುಟದ ಮೇಲೆ ಉಗುರಿಟ್ಟರು:
"ಒಂಬತ್ತೆರಡಲಿ ಹದಿನೆಂಟು.
ಮಗ್ಗಿ ಬರುವುದಿಲ್ವಾ ನಿಮಗೆ?"
ಬರುತ್ತಿತ್ತು. ಹೇಳಲಿಲ್ಲ.
ತಿಂಗಳೊಳಗೆ ರಾಜೀನಾಮೆ ಬರೆಸಿಕೊಂಡರು,
ಅದೇ ದಾರದ ಪೆನ್ನಿನಲ್ಲಿ.

ಆಮೇಲೆ ತಣ್ಣೀರುಬಾವಿ, ಉಳ್ಳಾಲ, ಮಲ್ಪೆ.
ಸಂದರ್ಶನ ಎಲ್ಲ ಕಡೆ ಚೆನ್ನಾಗಿಯೇ ಆಗುತ್ತಿತ್ತು,
"ಸೋಮವಾರ ತಿಳಿಸ್ತೇವೆ" ಎನ್ನುವ ತನಕ.
ಶನಿವಾರ ಯಾರೋ ಫೋನ್ ಮಾಡುತ್ತಿದ್ದರು, ನನಗಲ್ಲ.
ಸೋಮವಾರ ಬರುತ್ತಿತ್ತು,
ಸೋಮವಾರ ಮಾತ್ರ.

ಮಲ್ಪೆಯಲ್ಲಿ, ಫೈಲು ಹಿಡಿಯುವ ಮುಮ್ತಾಝ್
ಗೇಟಿನವರೆಗೆ ಬಂದಳು,
ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಾ.
"ಸ್ಪೀಕರಲ್ಲಿ ಇಟ್ಟಿದ್ರು ಅಕ್ಕ, ನಾನು ಅಲ್ಲೇ ಇದ್ದೆ.
ಕೆಲಸ ಬರ್ತದೆ ಅಂದ್ರು ನಿಮ್ಮ ಹಳೆಯ ಮ್ಯಾನೇಜರು,
ಆದ್ರೆ ಅವಳೊಂದು ತಲೆಬಿಸಿ ಮಾರಾಯ್ರೆ,
ರಿಜಿಸ್ಟರು ತಿದ್ದಿ ಸಿಕ್ಕಿಬಿದ್ದವಳು."
ಬಸ್ಸು ಬಂತು.
"ನಾನು ಹೇಳಿದ್ದು ಅಂತ ಮಾತ್ರ..."

ಪಡುಬಿದ್ರಿ ದಾಟುವ ತನಕ ಯೋಚಿಸಿದೆ.
ಎರಡು ವರ್ಷ ಸೊನ್ನೆಯ ಕೆಳಗೆ ನಿಂತವಳ ತಲೆ
ಯಾವಾಗ ಬಿಸಿಯಾಯಿತು?

ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವಿನ ಕೋಣೆ,
ಹೆಂಗಸರಿಗೆ ಫೀಸಿಲ್ಲ.
ಐರಿನ್ ಪಿರೇರಾ ಕನ್ನಡಕ ಹಣೆಗೇರಿಸಿ
ಬುಟ್ಟಿಯಿಂದ ಮೀನು ಹೆಕ್ಕುವ ಹಾಗೆ
ಎರಡು ಮಾತನ್ನು ಬೇರೆ ಬೇರೆ ಇಟ್ಟರು:
"ತಲೆಬಿಸಿ ಅಂದದ್ದು ಅಭಿಪ್ರಾಯ. ಅದಕ್ಕೆ ಕೇಸಿಲ್ಲ, ಬಿಡಿ.
ತಿದ್ದಿದವಳು ಅಂದದ್ದು ಆರೋಪ. ಸುಳ್ಳಾದರೆ ಮಾನಹಾನಿ.
ಕೇಳಿದವರು ಯಾರು? ಬಂದು ಹೇಳ್ತಾರಾ?"

ನಾನು ಫ್ಯಾನು ನೋಡಿದೆ.
ಮುಮ್ತಾಝಳ ಸಂಬಳ ಹನ್ನೊಂದು ಸಾವಿರ.
ಗೇಟಿನಲ್ಲಿ ಅವಳು ಅರ್ಧಕ್ಕೆ ಬಿಟ್ಟ ವಾಕ್ಯ
ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು.
"ಗೊತ್ತಿಲ್ಲ ಮೇಡಂ" ಎಂದೆ.
ನಾನು ತಿದ್ದಿದ ಮೊದಲ ಲೆಕ್ಕ
ಅದು.

ಇದ್ದದ್ದು ಹಾಲಿನ ಲೆಕ್ಕದ ಡೈರಿ.
ಪಾಳಿ ಮುಗಿಸಿ ಬಂದು, ಯಾಕೆಂದು ಗೊತ್ತಿಲ್ಲದೆ,
ರಾತ್ರಿಯ ಅಂಕಿಗಳನ್ನು ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದೆ.
ಅವರು ಮೂಸಿ ನೋಡಿದರು. "ಇನ್ನೂ ಮೀನಿನ ವಾಸನೆ ಉಂಟು.
ಒಳ್ಳೆಯದೇ, ಜಾಗ್ರತೆ ಇಡಿ."
ನೋಟೀಸು ಟೈಪಾಯಿತು.
ಸುಳ್ಳು ಹೇಳುವುದನ್ನು ನಿಲ್ಲಿಸತಕ್ಕದ್ದು,
ಮೂಲ ರಿಜಿಸ್ಟರನ್ನು ನಾಶಮಾಡತಕ್ಕದ್ದಲ್ಲ,
ಹದಿನೈದು ದಿನದೊಳಗೆ ಉತ್ತರಿಸತಕ್ಕದ್ದು.
ನನ್ನ ಪರವಾಗಿ ಇಷ್ಟೊಂದು "ತಕ್ಕದ್ದು"
ಯಾರೂ ಹೇಳಿರಲಿಲ್ಲ ಇದುವರೆಗೆ.

"ಗೆಲ್ತೇವಾ?" ಕೇಳಿದೆ.
"ವರ್ಷಗಟ್ಟಲೆ ಹೋಗ್ಬಹುದು, ಸೋಲ್ಲೂಬಹುದು.
ಮೊದಲು ಅವರು ನಿಮ್ಮ ಬಗ್ಗೆ ಮಾತಾಡುವಾಗ
ಒಂದು ಸಲ ಕೆಮ್ಮಲಿ."

ಸ್ವೀಕೃತಿ ಚೀಟಿ ಬಂತು, ಎಂಟನೇ ದಿನ.
ಅದೇ ಸಹಿ, ಬಾಲ ಉದ್ದ,
ಓದದೆ ಹಾಕಿದ್ದು.
ತಾರೀಕು ಮಾತ್ರ ಅಂಚೆಯವನು ಬರೆದದ್ದು, ಹಾಗಾಗಿ ಸರಿ.
ಉತ್ತರ ಬಂದಿಲ್ಲ ಇನ್ನೂ.

ಇವತ್ತು ಕೂಳೂರಿನಲ್ಲಿ ಇನ್ನೊಂದು ಅರ್ಜಿ.
"ಹಿಂದಿನ ಕೆಲಸ ಬಿಟ್ಟ ಕಾರಣ" ಎಂಬಲ್ಲಿ
ಒಂದು ಗೆರೆಯಷ್ಟೇ ಜಾಗ.
ಸಾಕಾಯಿತು.
ಬರೆದೆ: ಮೈನಸ್ ಒಂಬತ್ತು.