ತೂಗುಮಣೆ

ಹೋಳಿ ಕಳೆದು ನಾಲ್ಕು ದಿನ. ಆಳುಗಳಿಗೆ
ಸುಗ್ಗಿಯ ಗುಂಗು ಇನ್ನೂ ಇಳಿದಿಲ್ಲ.
ಜಟ್ಟಿ ಗೌಡನ ಕಿವಿಯ ಹಿಂದೆ ಗುಲಾಲು,
ತುರಾಯಿ ಹೊತ್ತ ಕುತ್ತಿಗೆ ಒಂದು ಬದಿಗೆ ವಾಲಿಯೇ ಇದೆ.
ಹಾರೆ ಕೊಟ್ಟರೆ ಕುಣಿತದ ಕೋಲಾಗುತ್ತದೆ ಅವನ ಕೈಯಲ್ಲಿ.

ಬೈಯಲು ನನಗೆ ಹೊತ್ತಿಲ್ಲ. ಈ ತಿಂಗಳು
ಹಿತ್ತಿಲೇ ನನ್ನನ್ನು ಬೈಯುತ್ತಿರುತ್ತದೆ:
ಹಂಚು ಕೈಯಾಡಿಸಬೇಕು, ಬಾವಿಯ ರಾಟೆಗೆ ಎಣ್ಣೆ,
ಇಶಾಡು ಮಾವಿಗೆ ಮಿಡಿ ಕಚ್ಚಿದೆ, ಮಂಗ ಓಡಿಸಲು ಹುಡುಗನಿಲ್ಲ,
ಮಡ್ಲು ಹೆಣೆದದ್ದು ಮೂವತ್ತೇಳು, ಬೇಕಾದದ್ದು ಇನ್ನೂರು,
ದಣಪೆಯ ಗಳವೊಂದನ್ನು ಯಾರದೋ ಎಮ್ಮೆ
ಕೊಂಬಿನಲ್ಲೇ ಎತ್ತಿಕೊಂಡು ಹೋಗಿದೆ.

ಇದೆಲ್ಲ ಕಾಯುತ್ತದೆ. ಕಾಯದಿರುವುದು ಹೊಳೆ.

ಗಜನಿಯ ಕಟ್ಟೆಯ ತುದಿಗೆ ಜಂತ್ರದ ಬಾಗಿಲು;
ಅಘನಾಶಿನಿ ದಿನಕ್ಕೆರಡು ಸಲ ಬಂದು ತಟ್ಟುತ್ತಾಳೆ.
ಇನಾಸ ಮೇಸ್ತ್ರಿ ಹಳೆಯ ಹಲಗೆ ಎತ್ತಿಸಿ
ಬಿಸಿಲಿಗೆ ಹಿಡಿದ. ಹುಳ ಕೊರೆದ ತೂತುಗಳಿಂದ
ಅವನ ಅಂಗಿಯ ಮೇಲೆ ಬೆಳಕು ಸೋರಿತು.
"ಮರ ಇಲ್ಲ ಬಾಯೀ ಇದರಲ್ಲಿ, ಬರೀ ತೂತು.
ಹದಿನಾರು ವರ್ಷ ಹೊಳೆ ತಡೆದು ನಿಂತದ್ದು
ತೂತುಗಳ ದೊಡ್ಡತನ."

ಅಮಾಸೆಯ ಭರತದೊಳಗೆ ಬಾಗಿಲು ಕೂರದಿದ್ದರೆ
ಉಪ್ಪುನೀರು ಗದ್ದೆ ದಾಟಿ ಬಾವಿಗೇ ಬರುತ್ತದೆ.
ಕಗ್ಗ ಉಪ್ಪು ತಿಂದು ಬೆಳೆಯುತ್ತದೆ, ನಿಜ.
ಬಾವಿಗೆ ಆ ಅಭ್ಯಾಸವಿಲ್ಲ.

ಕುಮಟೆಯ ಮಿಲ್ಲಿನಲ್ಲಿ ಸಿಕ್ಕಿದ್ದು ಅಕೇಶಿಯಾ.
ಇನಾಸ ಅದನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು,
ಸಾವಿನ ಮನೆಯ ಊಟವನ್ನು ಹೊಗಳುವವನಂತೆ
"ಪರವಾಗಿಲ್ಲ" ಅಂದ.
ಸಿಮೆಂಟು ಹಾಕಿಸಿಬಿಡು ಅಂದ, ಫೋನಿನಲ್ಲಿ, ಭಾವ.
ನೀರಬಾಗಿಲು ಕಾಯುವ ಹೊಸಬು ಅಂಬಿಗ ನಕ್ಕ:
"ಸಿಮೆಂಟು ಎತ್ತೂದು ಹ್ಯಾಗೆ? ಸಿಗಡಿ ಒಳಗೆ ಬರಬೇಕಲ್ಲ.
ಮುಚ್ಚೂದು ಗೋಡೆಗೂ ಗೊತ್ತು."

ಆವತ್ತು ಮಧ್ಯಾಹ್ನ ಗಂಜಿಗೆ ಜಗಲಿಗೆ ಬಂದ ಇನಾಸ
ತೂಗುಮಣೆಯನ್ನು ನೋಡಿದ.
ಮೂರು ಬೆರಳು ದಪ್ಪ, ಹೊನ್ನೆ, ಒಂದೇ ಹಲಗೆ.
ನೋಡಿ, ಥಟ್ಟನೆ ಬಟ್ಟಲಿನ ಕಡೆ ತಿರುಗಿದ.
ಅವನಿಗಿಂತ ಮೊದಲೇ ನಾನು ನೋಡಿದ್ದೆ. ನಾನೂ ತಿರುಗಿದ್ದೆ.

ಅದರ ಮೇಲೆ ಅತ್ತೆ. ಎಂಬತ್ತೊಂದು ವರ್ಷ.
ಹುಣಸೆಯ ಬೀಜ ಬಿಡಿಸುತ್ತಾ, ಒಂದು ಕಾಲಿನಿಂದ ನೆಲ ಮೀಟುತ್ತಾ.
ಮದುವೆಯಾಗಿ ಬಂದಾಗಿನಿಂದ ಅವರೇ ಕೂತು ಕೂತು
ಹಲಗೆಯ ನಡುವೆ ಒಂದು ತಗ್ಗು ಬಿದ್ದಿದೆ,
ಸಂಜೆ ದೀಪ ಹಚ್ಚಿದಾಗ ಮಾತ್ರ ಕಾಣುವಷ್ಟು.
ನಾವಿಬ್ಬರೂ ಸುಮ್ಮನಿದ್ದದ್ದು ಅವರಿಗೆ ಕೇಳಿತು.

"ಎಷ್ಟುದ್ದ ಬೇಕು?"
ಇನಾಸ ಹೇಳಿದ, ಗಂಜಿ ನೋಡುತ್ತಲೇ.
"ಒಂದು ಗೇಣು ಉಳೀತದೆ ಹಾಗಾದರೆ. ಅದರಲ್ಲಿ
ನನ್ನ ಮೆಟ್ಟುಗತ್ತಿಗೆ ಮಣೆ ಮಾಡಿಕೊಡು."
ಬೀಜವೊಂದನ್ನು ಅಂಗಳಕ್ಕೆ ಎಸೆದು ಮತ್ತೆ ಅಂದರು:
"ನಾನು ಕೂತು ಸವೆಸಿದ್ದು ಸಾಕು.
ಇನ್ನು ನಿಂತು ಸವೆಯಲಿ."

ಜಟ್ಟಿ ಗೌಡ ಹೊತ್ತ; ಕುತ್ತಿಗೆ ನೆಟ್ಟಗಾಯಿತು.
ಇಳಿತದ ಎರಡು ಗಂಟೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ,
ಗೇರೆಣ್ಣೆ ಬಳಿದು ಕಪ್ಪಾದ ಹಲಗೆಯನ್ನು ಕಚ್ಚಿಗೆ ಇಳಿಸುವ ಮೊದಲು
ಇನಾಸ ಕೇಳಿದ: ತಗ್ಗು ಯಾವ ಕಡೆಗೆ,
ಗದ್ದೆಗೋ, ಹೊಳೆಗೋ?

ತೋಟದ ಲೆಕ್ಕದ ಪುಸ್ತಕ ಇಡುವವಳು ನಾನು.
ಇದನ್ನು ಬರೆಯಲು ಅದರಲ್ಲಿ ಕಾಲಮ್ಮಿಲ್ಲ.
ಹೊಳೆಗೆ, ಅಂದೆ.
ಅವಳೂ ಬಂದು ಕೂರಲಿ ಸ್ವಲ್ಪ ಹೊತ್ತು.

ಅಮಾಸೆಯ ರಾತ್ರಿ ಹೊಸಬು ತಂದದ್ದು ಅರ್ಧ ಬುಟ್ಟಿ ಸಿಗಡಿ.
ಅತ್ತೆಗೆ ಹಲ್ಲಿಲ್ಲ; ಸಾರು ಮಾತ್ರ ಎರಡು ಸಲ ಬಡಿಸಿಕೊಂಡರು.
ಜಗಲಿಯಲ್ಲಿ ನಾಲ್ಕು ಸರಪಳಿ ನೆಲ ಮುಟ್ಟದೆ ನಿಂತಿವೆ,
ಗೇರುಬೀಜ ಹೆಕ್ಕಿ ಬಂದ ಕುಸಲಿ ಅದರಲ್ಲೊಂದಕ್ಕೆ
ಮಾವಿನ ಮಿಡಿಯ ಬುಟ್ಟಿ ಸಿಕ್ಕಿಸಿ ಹೋಗಿದ್ದಾಳೆ.
ನಾಳೆ ಹಂಚು.
ಏಣಿ ಯಾರ ಮನೆಗೆ ಕೊಟ್ಟಿದ್ದೆವೋ ನೆನಪಾಗುತ್ತಿಲ್ಲ.