ಅಂತೆ

ಜಿನೋವಾ ಬಂದರಿನ ಹಿಂದೆ, ಉಪ್ಪುಮೀನಿನ ಓಣಿಯಲ್ಲಿ
ನಾನು ಪುಸ್ತಕ ನಕಲು ಮಾಡುತ್ತಿದ್ದೆ. ಹೆಸರು ಅನ್ಸಾಲ್ದೊ.
ಹಾಳೆಗೆ ಇಷ್ಟು ಕಾಸು, ಜೊತೆಗೆ ಮಧ್ಯಾಹ್ನದ ರೊಟ್ಟಿ.
ಆಡಿನ ತೊಗಲಿನ ಹಾಳೆ; ಒಂದು ಮಗ್ಗುಲಲ್ಲಿ ಇನ್ನೂ
ರೋಮದ ಚುಕ್ಕೆ. ಬೆರಳು ಹಾಯಿಸಿದರೆ
ಸತ್ತ ಆಡು ಸ್ವಲ್ಪ ಬೆಚ್ಚುತ್ತದೆ.

ಆ ಚಳಿಗಾಲ ಸಿಕ್ಕಿದ್ದು ಒಬ್ಬ ಪಾದ್ರಿಯ ಪ್ರವಾಸ:
ಹದಿನಾಲ್ಕು ವರ್ಷ ಪೂರ್ವದಲ್ಲಿ ಅಲೆದು, ಮೂರು ಹಲ್ಲು ಉಳಿಸಿಕೊಂಡು
ಬಂದು, ಹೇಳಿ, ಸತ್ತವನು.
ಅವನು ಹೇಳಿದ್ದನ್ನು ಇನ್ನೊಬ್ಬ ಬರೆದು, ಬರೆದದ್ದನ್ನು ಮತ್ತೊಬ್ಬ ತಿದ್ದಿ,
ನನ್ನ ಮೇಜಿಗೆ ಬಂದದ್ದು ಮೂರು ಬಾಯಿಯ ಎಂಜಲು.

ಪುಟಗಟ್ಟಲೆ ಬಾವಿಗಳು. ಯಾವುದರ ನೀರು ಸಿಹಿ, ಯಾವುದು ಒಗರು,
ಕುದುರೆಯ ಹಾಲನ್ನು ಎಷ್ಟು ಹೊತ್ತು ಕಡೆಯಬೇಕು,
ಗಾಳಿ ಎದ್ದರೆ ಡೇರೆಯ ಬಾಗಿಲು ಯಾವ ದಿಕ್ಕಿಗೆ.
ಬರೆಸುತ್ತಿದ್ದ ಲಾನ್‌ಫ್ರಾಂಕೊ ಸಾಹುಕಾರ ಆಕಳಿಸಿದ:
"ಬಾವಿ ನಮ್ಮ ಹಿತ್ತಲಲ್ಲೂ ಇದೆ. ಬಿಡು ಅದನ್ನ."
ಬಿಟ್ಟೆ.

ಒಂದು ಕಡೆ ಇತ್ತು: ರಾಜನ ಮುದ್ರೆಯ ಕಾಗದ ಕೊಟ್ಟರೆ
ಅಲ್ಲಿ ರೇಷ್ಮೆ ಕೊಡುತ್ತಾರೆ; ನಾನೇ ಕೊಂಡಿದ್ದೇನೆ, ಎರಡು ಮೊಳ.
ಕಾಗದಕ್ಕೆ ರೇಷ್ಮೆಯೇ! ಮುದುಕನಿಗೆ ಜ್ವರ ಅಂದುಕೊಂಡು
ಚಾಕುವಿನಿಂದ ಹೆರೆದು ಹಾಕಿದೆ.

ಅದರ ಕೆಳಗೇ ಇತ್ತು: ಇನ್ನೂ ಆಚೆಯ ದ್ವೀಪದಲ್ಲಿ
ನಾಯಿಮುಖದ ಮನುಷ್ಯರು ಇದ್ದಾರಂತೆ.
ಇದು ಗೊತ್ತಿದ್ದದ್ದೇ, ತೊಟ್ಟಿಲಲ್ಲೇ ಕೇಳಿದ್ದು.
ಸಾಲು ತುಂಬಿತ್ತು, ಅಂಚಿನಲ್ಲಿ ಜಾಗ ಸಾಲದು,
ಎರಡಕ್ಷರ ಬಿಟ್ಟೆ.
ಇದ್ದಾರೆ, ಎಂದು ಬರೆದೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಮ್ಮ ಬಂದರಿನಲ್ಲಿ
ದೂರದ ಬೆಟ್ಟಕ್ಕೆ ಕೋರೆಹಲ್ಲು ಇರಬೇಕು;
ಇಲ್ಲದಿದ್ದರೆ ಗಿರಾಕಿ ಇಲ್ಲ.

ರೊಟ್ಟಿ ತರುತ್ತಿದ್ದವಳು ಮನೆಯ ತೊತ್ತು.
ಕಾಫಾದ ಸಂತೆಯಲ್ಲಿ ಕೊಂಡು, ತಲೆಗೆ ನೀರು ಚಿಮುಕಿಸಿ
ಕತೆರೀನ ಎಂದು ಕರೆದಿದ್ದರು. ಒಂದು ದಿನ ತಾನಾಗಿ ಹೇಳಿದಳು:
ಆಯ್ತೊಲು. ತುಂಬಿದ ಚಂದ್ರ ಅಂತ ಅರ್ಥ.
ಪೂರ್ವ ಅನ್ನುವುದು ಆರು ವರ್ಷದಿಂದ
ಇದೇ ಒಲೆಯ ಬೂದಿ ಬಾಚುತ್ತಿತ್ತು.
ಬಾವಿಯ ಬಗ್ಗೆಯಾದರೂ ಯಾರೂ ಕೇಳಿರಲಿಲ್ಲ.

ಹಾಳೆಯ ಚಿತ್ರ ನೋಡಿದಳು: ನಾಯಿತಲೆ, ಅಂಗಿ, ಕೈಯಲ್ಲಿ ಬಿಲ್ಲು.
ನಗು ತಡೆಯಲು ತಲೆಬಟ್ಟೆ ಕಚ್ಚಿದಳು.
"ನಮ್ಮಜ್ಜಿಯೂ ಹೇಳುತ್ತಿದ್ದಳು. ಇವರು ಇರುವುದು
ಹೊತ್ತು ಮುಳುಗುವ ಕಡೆ, ಕಡಲ ದಂಡೆಯಲ್ಲಂತೆ.
ಹಡಗು ಇಳಿದಾಗ ಒಬ್ಬೊಬ್ಬರದೇ ಮುಖ ನೋಡುತ್ತಾ ಬಂದೆ."
ಏನು ಕಂಡಿತು ಎಂದು ಕೇಳಲಿಲ್ಲ.
ದೀಪದ ಕುಡಿ ಕತ್ತರಿಸುವ ನೆಪದಲ್ಲಿ ಆಚೆ ತಿರುಗಿದೆ.

ಅವತ್ತೇ ಕೈ ತಪ್ಪಿರಬೇಕು. ಮರಳುಗಾಡು ದಾಟಲು
ಮೂವತ್ತು ದಿನ ಅನ್ನುವಲ್ಲಿ ಒಂದು ಕತ್ತರಿಗುರುತು ಬಿಟ್ಟು
ಇಪ್ಪತ್ತು ಮಾಡಿದ್ದೇನೆ.
ಆ ಪ್ರತಿಯಿಂದ ಏಳು ಪ್ರತಿಗಳಾದವು.
ಒಂದನ್ನು ನಕಾಶೆ ಬರೆಯುವವನು ಒಯ್ದ.
ಈಗ ಹಡಗುಕಟ್ಟೆಯ ಪಡಸಾಲೆಯಲ್ಲಿ ಮೀಸೆ ಚಿಗುರದ ಹುಡುಗರು
ಅದನ್ನು ಹರಡಿ, ಮೂಲೆಗೆ ಹೂಜಿ ಇಟ್ಟು,
ಯಾವ ದ್ವೀಪ ಯಾರಿಗೆ ಎಂದು ಜಗಳವಾಡುತ್ತಾರೆ.
ಬಾವಿಯೇ ಇಲ್ಲದ ದಾರಿ. ಹತ್ತು ದಿನ ಹತ್ತಿರ.

ನನಗೆ ಕಣ್ಣು ಮಂಜು. ಲಾನ್‌ಫ್ರಾಂಕೊ ಸಾಲಕ್ಕೆ ಸಿಕ್ಕಾಗ
ಆಯ್ತೊಲುವನ್ನು ಮಾರಿದ. ಪೀಸಾದ ಕಡೆಗಂತೆ.
ಒಂದು ಮಗುವಾಯಿತಂತೆ.
ಬದುಕಿಲ್ಲವಂತೆ.
ಉಳಿದ ತುಂಡು ತೊಗಲಿನಲ್ಲಿ ಬರೆಯುತ್ತಿದ್ದೇನೆ,
ಈ ಸಲ ಎರಡಕ್ಷರವನ್ನೂ ಬಿಡದೆ. ಅಂಚಿನಲ್ಲಿ
ಬೇಕಾದಷ್ಟು ಜಾಗ ಇದೆ.