ನೂರು ಎಂಎಲ್

ಇಪ್ಪತ್ತೆರಡು ವರ್ಷ ಸೂಜಿ ಹಿಡಿದ ಕೈ ಇದು.
ದುರ್ಗಿಗುಡಿಯ ಅರ್ಧ ಮದುವೆಗಳ ರವಿಕೆ
ಈ ಬೆರಳ ಕೆಳಗೆ ಹಾದು ಹೋಗಿವೆ.
ಮೊದಲ ದಿನ ನಡುಗಿತು ನೋಡಿ,
ನಾಚಿಕೆಯಿಲ್ಲದೆ.

ಡಾಕ್ಟರು ತೋರಿಸಿಕೊಟ್ಟಿದ್ದರು:
ಹೆಗಲ ನಡುವೆ ಚರ್ಮ ಎತ್ತಿ,
ನೆರಿಗೆ ಹಿಡಿದ ಹಾಗೆ ಹಿಡಿದು
ನೆರಿಗೆಯ ಬುಡಕ್ಕೆ ಚುಚ್ಚಿ.
ಅಷ್ಟೇ ಅಮ್ಮ, ನಿಮಗೆ ಗೊತ್ತಿರುವ ಕೆಲಸ.
ಗೊತ್ತಿರುವ ಕೆಲಸವೇ. ಆದರೆ ಬಟ್ಟೆ
ತಿರುಗಿ ಮುಖ ನೋಡುವುದಿಲ್ಲ.

ಗುಂಡಿಗೆ ಇನ್ನೂ ಎರಡು ತುಂಬಿಲ್ಲ.
ತಂದಾಗ ಹುಕ್ಕಿನ ಡಬ್ಬಿಯ ಮುಚ್ಚಳದಲ್ಲಿ
ನಿದ್ದೆ ಹೋಗುವಷ್ಟಿದ್ದಳು, ಅದಕ್ಕೇ ಆ ಹೆಸರು.
ಬಾಬಿನ್ ಉರುಳಿದರೆ ಹುಲಿ.
ಒಮ್ಮೆ ಯಾರದೋ ನಿಶ್ಚಿತಾರ್ಥದ ಸೀರೆಯ ಕುಚ್ಚು ಕಿತ್ತು
ಮಿಷನ್ನಿನ ಕೆಳಗೆ ಇಡೀ ದಿನ ಕಾವಲು ಕೂತಿದ್ದಳು.

ಆಮೇಲೆ ನೀರು.
ಬಟ್ಟಲು, ಬಕೆಟ್ಟು, ಇಸ್ತ್ರಿಗೆ ಇಟ್ಟ ಚೊಂಬು,
ರಾತ್ರಿ ಮೂರಕ್ಕೆ ಲಪ್ ಲಪ್ ಲಪ್.
ಎಷ್ಟು ಕುಡಿದರೂ ಎತ್ತಿದ ಚರ್ಮ
ಎತ್ತಿದಲ್ಲೇ ನಿಲ್ಲುತ್ತಿತ್ತು
ಗಂಜಿ ಹಾಕಿದ ಕಾಟನ್ನಿನಂತೆ.

ಸ್ಕ್ಯಾನಿನಲ್ಲಿ ಒಂದು ಕಿಡ್ನಿ ಅವರೆಕಾಳಿನಷ್ಟು,
ಇನ್ನೊಂದು ಅಷ್ಟೂ ಇಲ್ಲ.
ಹುಟ್ಟಿನಿಂದಲೇ ಹೀಗಿರಬೇಕು, ಎಂದರು.
ನಾನು ಹಾಕಿದ ಬಂಗುಡೆಯಿಂದ ಅಲ್ಲವಾ?
ಅಲ್ಲ.
ಮೊಸರನ್ನ?
ಅಲ್ಲಮ್ಮ.
ಇನ್ನೊಮ್ಮೆ ಕೇಳಬೇಕೆಂದಿದ್ದೆ,
ಹೊರಗೆ ಒಂದು ಎಮ್ಮೆ ಕಾಯುತ್ತಿತ್ತು.

ಬೆಕ್ಕಿಗೂ ಕಿಡ್ನಿನಾ, ಎಂದು ನಕ್ಕವರಿದ್ದಾರೆ.
ಅವರ ರವಿಕೆಗೂ ಅಳತೆ ತಪ್ಪಿಸಲಿಲ್ಲ.
ಒಂದು ಸ್ವಲ್ಪ ಬಿಗಿಯಾಗಿರಬಹುದು.

ನಗದವನು ಪಕ್ಕದ ಮನೆಯ ಧರ್ಮೋಜಿ.
ಸೋಮವಾರ, ಗುರುವಾರ ಮೆಗ್ಗಾನಿನಲ್ಲಿ ಡಯಾಲಿಸಿಸ್,
ಉಳಿದ ದಿನ ಆಟೋ, ಮೈ ತಡೆದರೆ.
ಎಷ್ಟಿದೆ ಇವಳದು?
ನಾಲ್ಕು ಪಾಯಿಂಟ್ ಆರು.
ನಂದು ಒಂಬತ್ತು. ಪರವಾಗಿಲ್ಲ, ಜಾಣೆ.
ಮಕ್ಕಳ ಮಾರ್ಕ್ಸು ಹೇಳಿಕೊಂಡಂತೆ
ಕಾಂಪೌಂಡಿನ ಆಚೆ ಈಚೆ ನಿಂತು
ಕ್ರಿಯಾಟಿನಿನ್ ಹೇಳಿಕೊಳ್ಳುತ್ತೇವೆ.
ಇಲ್ಲಿ ಕಡಿಮೆ ತೆಗೆದವರು ಪಾಸು.

ಅವನಿಗೆ ದಿನಕ್ಕೆ ಮುಕ್ಕಾಲು ಲೀಟರು,
ಸಾರು ಕಾಫಿ ಎಲ್ಲ ಸೇರಿ;
ಸುಶೀಲಾಬಾಯಿ ಬಾಟಲಿಗೆ ಗೆರೆ ಎಳೆದಿಟ್ಟಿದ್ದಾಳೆ.
ಇವಳಿಗೆ ಕುಡಿದದ್ದು ಸಾಲದು ಎಂದು
ಚರ್ಮದಡಿಗೆ ದಿನಾ ನೂರು ಎಂಎಲ್.
ಗಂಗಾ ಸ್ನಾನ ತುಂಗಾ ಪಾನ ಅನ್ನುವ ಊರಲ್ಲಿ
ಅವನು ಐಸ್ ಚೂರು ಚೀಪುತ್ತಾ ಕೂತು
ಅವಳು ಕುಡಿಯುವುದನ್ನು ನೋಡುತ್ತಾನೆ.
ಕುಡಿಯೇ, ನನ್ನ ಪಾಲಿಂದೂ ಕುಡಿ.
ತಮಾಷೆಗೇ ಅನ್ನುವುದು.
ನಾನು ಆ ಹೊತ್ತಿಗೆ ದಾರ ಪೋಣಿಸಲು ಶುರು ಮಾಡುತ್ತೇನೆ.

ರಾತ್ರಿ ಎಂಟಕ್ಕೆ ಶಟರ್ ಅರ್ಧ ಎಳೆದು
ಬಿಸಿನೀರಲ್ಲಿ ಬೆಚ್ಚಗಾದ ಚೀಲವನ್ನು
ಡೆಲಿವರಿಗೆ ತೂಗಿದ ರವಿಕೆಗಳ ನಡುವೆ
ಹ್ಯಾಂಗರಿಗೆ ಸಿಕ್ಕಿಸುತ್ತೇನೆ.
ಹಿಡಿದುಕೊಳ್ಳಲು ಧರ್ಮೋಜಿಯೇ ಬರುತ್ತಾನೆ.
ಅವನ ಎಡಗೈಯಲ್ಲಿ ನರಕ್ಕೆ ನರ ಸೇರಿಸಿ ಹೊಲಿದಿದ್ದಾರೆ.
ಹೊಲಿಗೆ ನೋಡಿದೆ, ಅಚ್ಚುಕಟ್ಟು.
ಅಲ್ಲಿ ರಕ್ತ ಹಗಲೂ ರಾತ್ರಿ ಗುರ್ ಅನ್ನುತ್ತಿರುತ್ತದೆ,
ಮುಟ್ಟಿದರೆ ಗೊತ್ತಾಗುತ್ತದೆ.

ಭಾರ ಹಾಕಬಾರದ ಕೈ ಅದು.
ಗುಂಡಿಯೇ ಈಗ ಎರಡೂಕಾಲು ಕೇಜಿ,
ತಲೆ ಎಷ್ಟಿದ್ದೀತು?
ಅಲ್ಲೇ ಕಿವಿಯಿಟ್ಟು ಮಲಗುತ್ತಾಳೆ,
ಒಳಗೆ ಯಾರೋ ತನ್ನವರಿದ್ದಾರೆ ಎಂಬಂತೆ.
ಒಮ್ಮೊಮ್ಮೆ ಮರುಮಾತು ಕೊಡುತ್ತಾಳೆ.
ಆಗ ಇಬ್ಬರಲ್ಲಿ ಯಾರದು ಯಾವ ಗುರುಗುರು
ಅವನಿಗೂ ತಿಳಿಯುವುದಿಲ್ಲವಂತೆ.

ನೆರಿಗೆ. ಬುಡ. ಚುಚ್ಚು.
ಈಗ ಕೈ ನಡುಗುವುದಿಲ್ಲ.

ಹನಿ ನಿಂತ ಮೇಲೆ ಇಳಿದು ನಡೆಯುತ್ತಾಳೆ,
ಒಳಗಿನ ನೀರು ಜಾರಿ ಬಲಗಾಲ ಹೆಗಲಿಗೆ ಬಂದು
ಒಂದೇ ತೋಳಿಗೆ ಪಫ್ ಇಟ್ಟಂತೆ ಕಾಣುತ್ತದೆ.
ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ.
ನಾಳೆ ಮತ್ತೆ ಇಡಬೇಕು.